ಜಿಲ್ಲೆಗೊಂದು ಕಟ್ಟಡ ಅನ್ನೋರ ಜೊತೆ ಜಗಳೂರಿನವನ ಜಗಳ

ನಮ್ಮೂರಿನ ಹೆಸರಲ್ಲೇ ಜಗಳ ಇದೆ. ಹೊಸಬರ ಹತ್ರ 'ನಾನು ಜಗಳೂರಿನವನು' ಅಂದ ಕೂಡಲೇ ಬರೋ ಜೋಕು ಒಂದೇ: 'ಹಂಗಾದ್ರೆ ನಿಮ್ಮ ಹತ್ರ ಹುಷಾರಾಗಿರ್ಬೇಕು ಬಿಡಿ'. ನಕ್ಕು ಸುಮ್ಮನಾಗೋದು ಅಭ್ಯಾಸ ಆಗಿದೆ. ಆದರೆ ಅದರ ಬೆನ್ನಿಗೇ ಬರೋ ಎರಡನೇ ಪ್ರಶ್ನೆಗೆ ಈಗೀಗ ನಗು ಬರ್ತಿಲ್ಲ. 'ಅಲ್ಲಿ ನೋಡೋಕೆ ಏನಿದೆ?'

ಈ ಪ್ರಶ್ನೆ ಕೇಳೋರ ತಪ್ಪು ಅಂತ ನಾನು ಹೇಳಲ್ಲ. ಅವರ ತಲೆಗೆ ಈ ಪ್ರಶ್ನೆಯನ್ನ ತುಂಬಿದ ಪಟ್ಟಿಗಳಿವೆಯಲ್ಲ, ನನ್ನ ಜಗಳ ಅವುಗಳ ಜೊತೆ. 'ಕರ್ನಾಟಕದ ಜಿಲ್ಲೆಗಳು ಮತ್ತು ಅವುಗಳ ಹೆಗ್ಗುರುತುಗಳು' ಅಂತ ಕ್ವಿಜ್ ಪುಸ್ತಕದಲ್ಲಿ, ಗೋಡೆಗೆ ನೇತುಹಾಕೋ ನಕ್ಷೆಯಲ್ಲಿ, ಕ್ಯಾಲೆಂಡರಿನಲ್ಲಿ, ಮೊಬೈಲಿಗೆ ಬಂದು ಬೀಳೋ ಚಿತ್ರಗಳಲ್ಲಿ ನೀವೂ ನೋಡಿರ್ತೀರಿ. ಜಿಲ್ಲೆಗೊಂದೇ ಚಿತ್ರ. ಬೆಂಗಳೂರಿಗೆ ವಿಧಾನಸೌಧ, ಮೈಸೂರಿಗೆ ಅರಮನೆ, ವಿಜಯಪುರಕ್ಕೆ ಗೋಳಗುಮ್ಮಟ, ಚಿತ್ರದುರ್ಗಕ್ಕೆ ಕೋಟೆ. ಮುಗೀತು ಕರ್ನಾಟಕ!

ಇದರ ಮೂಲ ಅಮೆರಿಕದ್ದು ಅನ್ನಿಸುತ್ತೆ ನನಗೆ. ಅಲ್ಲಿ 'ಪ್ರತಿ ರಾಜ್ಯದಲ್ಲಿ ಅತ್ಯಂತ ಸುಲಭವಾಗಿ ಗುರುತು ಸಿಗೋ ಕಟ್ಟಡ ಯಾವುದು' ಅಂತ ಐವತ್ತು ರಾಜ್ಯಕ್ಕೂ ಪಟ್ಟಿ ಹಾಕೋದು ದೊಡ್ಡ ಆಟ. ನ್ಯೂಯಾರ್ಕಿಗೆ ಸ್ವಾತಂತ್ರ್ಯ ದೇವಿ, ಮಿಸ್ಸೌರಿಗೆ ಸೇಂಟ್ ಲೂಯಿಸ್ಸಿನ ಕಮಾನು, ವಾಷಿಂಗ್ಟನ್ ರಾಜ್ಯಕ್ಕೆ ಸಿಯಾಟಲ್ಲಿನ ಸ್ಪೇಸ್ ನೀಡಲ್. ಈ ಕಮಾನಿದೆಯಲ್ಲ, 630 ಅಡಿ ಎತ್ತರದ್ದು, 1965ರಲ್ಲಿ ಕಟ್ಟಿ ಮುಗಿಸಿದ್ದು, ಅದು ಹುಟ್ಟಿದ್ದೇ ಸ್ಮಾರಕವಾಗಿ. ಸೂಜಿ ಎದ್ದು ನಿಂತದ್ದು 1962ರ ವಿಶ್ವಮೇಳಕ್ಕೆ. ಅಂದ್ರೆ ಕಾಣಿಸಿಕೊಳ್ಳಲಿ ಅಂತಲೇ ಕಟ್ಟಿದವು. ಅಂಥ ಕಡೆ ಆಟ ಪರವಾಗಿಲ್ಲ. ಹಾಗಂತ ಅಲ್ಲೂ ಗೊಂದಲ ಇಲ್ಲದೇ ಇಲ್ಲ. ಸ್ವಾತಂತ್ರ್ಯ ದೇವಿ ನಿಂತ ದ್ವೀಪದ ಸುತ್ತಲಿನ ನೀರು ನ್ಯೂಜೆರ್ಸಿಯದು, ದ್ವೀಪದ ಲೆಕ್ಕ ಮಾತ್ರ ನ್ಯೂಯಾರ್ಕಿಗೆ. ಪಕ್ಕದ ಎಲ್ಲಿಸ್ ದ್ವೀಪದ ಬಹುಭಾಗ ನ್ಯೂಜೆರ್ಸಿಯದೇ ಅಂತ 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಜಗಳ ನಮ್ಮೂರಿನ ಹೆಸರಲ್ಲಿ ಮಾತ್ರ ಇಲ್ಲ ನೋಡಿ :-)

ಆ ಆಟವನ್ನ ಎತ್ಕೊಂಡು ಬಂದು ನಮ್ಮ ಜಿಲ್ಲೆಗಳ ಮೇಲೆ ಆಡಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ತಾಲೂಕಿಗಿಂತ ಒಳ್ಳೇ ಉದಾಹರಣೆ ಬೇಕಿಲ್ಲ.

1997ರ ಆಗಸ್ಟ್ 15ಕ್ಕೆ ಮುಂಚೆ ಜಗಳೂರು ಚಿತ್ರದುರ್ಗ ಜಿಲ್ಲೆಯ ತಾಲೂಕು. ಆಗ ನಮಗೆ ಉತ್ತರ ಸಲೀಸಾಗಿತ್ತು. ಯಾವ ಊರು? ದುರ್ಗದ ಕಡೆ. ಅಲ್ಲೇನಿದೆ? ಏಳುಸುತ್ತಿನ ಕೋಟೆ ಇದೆ, ಓಬವ್ವನ ಕಿಂಡಿ ಇದೆ. 1972ರ ನಾಗರಹಾವು ಸಿನಿಮಾ ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳೋದೇ ಬೇಕಿರಲಿಲ್ಲ, ಪುಟ್ಟಣ್ಣ ಕಣಗಾಲರು ಆ ಕೋಟೆಯನ್ನ ಕರ್ನಾಟಕದ ಮನೆಮನೆಗೂ ತಲುಪಿಸಿಬಿಟ್ಟಿದ್ದರು. ಆ ಕೋಟೆ ನಮ್ಮದೂ ಆಗಿತ್ತು. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಏಳು ಹೊಸ ಜಿಲ್ಲೆಗಳಾದವು, ಅದರಲ್ಲಿ ದಾವಣಗೆರೆ ಒಂದು. ದಾವಣಗೆರೆ, ಹರಿಹರ, ಜಗಳೂರನ್ನ ಚಿತ್ರದುರ್ಗದಿಂದ, ಚನ್ನಗಿರಿ ಹೊನ್ನಾಳಿಯನ್ನ ಶಿವಮೊಗ್ಗದಿಂದ, ಹರಪನಹಳ್ಳಿಯನ್ನ ಬಳ್ಳಾರಿಯಿಂದ ತಂದು ಒಂದು ಜಿಲ್ಲೆ ಹೊಲಿದರು. ಮೂರು ಸೀರೆಯ ತುಂಡು ಸೇರಿಸಿ ಕೌದಿ ಹೊಲಿದ ಹಾಗೆ. ಆಡಳಿತಕ್ಕೆ ಅನುಕೂಲ ಆಯ್ತು, ಅದಕ್ಕೆ ನನ್ನ ತಕರಾರಿಲ್ಲ. ಕಾಗದಪತ್ರಕ್ಕೆ ದುರ್ಗಕ್ಕೆ ಹೋಗೋ ಬದಲು ದಾವಣಗೆರೆಗೆ ಹೋದ್ವಿ, ಅಷ್ಟೇ. ಆದರೆ ಪಟ್ಟಿಯ ಲೆಕ್ಕದಲ್ಲಿ, ಆವತ್ತು ರಾತ್ರಿ ಮಲಗಿದಾಗ ನಮಗೊಂದು ಕೋಟೆ ಇತ್ತು, ಬೆಳಿಗ್ಗೆ ಏಳೋ ಹೊತ್ತಿಗೆ ಇರಲಿಲ್ಲ. 1779ರಲ್ಲಿ ದುರ್ಗವನ್ನ ಗೆಲ್ಲೋದಕ್ಕೆ ಹೈದರಾಲಿ ಎಷ್ಟು ಕಷ್ಟಪಟ್ಟಿದ್ದ! ನಮ್ಮಿಂದ ಅದನ್ನ ಕಿತ್ತುಕೊಳ್ಳೋಕೆ ಒಂದು ಗೆಜೆಟ್ ಅಧಿಸೂಚನೆ ಸಾಕಾಯ್ತು.

ನಮ್ಮದಾದ್ರೂ ವಾಸಿ. ಹರಪನಹಳ್ಳಿಯವರ ಪಾಡು ಕೇಳಿ. 1997ರವರೆಗೆ ಬಳ್ಳಾರಿ, ಅಂದ್ರೆ ಅವರ ಚಿತ್ರ ಹಂಪಿಯ ಕಲ್ಲಿನ ರಥ. ಆಮೇಲೆ ದಾವಣಗೆರೆ. 2018ರಲ್ಲಿ ವಾಪಸ್ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಅಂತ ಹೊಸ ಜಿಲ್ಲೆ ಆದಾಗ ಅಲ್ಲಿಗೆ. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ತಾಲೂಕಿನ 'ಹೆಗ್ಗುರುತು' ಊರೂರು ತಿರುಗಿ ಬಂತು, ತಾಲೂಕು ಮಾತ್ರ ಇದ್ದಲ್ಲೇ ಇತ್ತು. ಅವರದೇ ಬಾಗಳಿಯಲ್ಲಿ ಅಷ್ಟು ಚೆಂದದ ಕಲ್ಲೇಶ್ವರ ಗುಡಿ ಇದೆ, ಹಳೇ ಕಲ್ಲು, ಹಳೇ ಕೆತ್ತನೆ. ಯಾವ ಜಿಲ್ಲೆಯ ಪಟ್ಟಿಯಲ್ಲೂ ಅದು ಮೊದಲನೇದಾಗಲಿಲ್ಲ. ಬಳ್ಳಾರಿಯ ಪಟ್ಟಿಯಲ್ಲಿ ಹಂಪಿಯ ಕೆಳಗೆ, ದಾವಣಗೆರೆಯ ಪಟ್ಟಿಯಲ್ಲಿ ಹರಿಹರದ ಕೆಳಗೆ, ಈಗ ಮತ್ತೆ ಹಂಪಿಯ ಕೆಳಗೆ.

ಇನ್ನು ಬಳ್ಳಾರಿಯವರು! ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಅದೇ ರಥ. ನೋಟಿನ ಮೇಲೆ ಬಂದ ನಾಲ್ಕೇ ವರ್ಷಕ್ಕೆ ಅದು ಬಳ್ಳಾರಿಯದಲ್ಲ ಅಂತಾಯ್ತು. ಜಿಲ್ಲೆ ಒಡೆಯುವಾಗ ಬಳ್ಳಾರಿಯಲ್ಲಿ ಎದ್ದ ಸಿಟ್ಟಿಗೆ ಗಣಿ, ನೀರು, ರಾಜಕೀಯ ಎಲ್ಲಾ ಕಾರಣ ಇದ್ದವು, ಆದರೆ 'ಹಂಪಿ ಹೋಯ್ತು' ಅನ್ನೋ ಸಂಕಟವೂ ಅದರಲ್ಲಿ ಇತ್ತು ಅಂತ ನನ್ನ ಅಂದಾಜು. 1997ರಲ್ಲಿ ಬಾಗಲಕೋಟೆ ಬೇರೆ ಆದಾಗ ವಿಜಯಪುರದವರು ಬಾದಾಮಿಯ ಗುಹೆ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಒಂದೇ ಏಟಿಗೆ ಕಳ್ಕೊಂಡ್ರು. ಅವರಿಗೆ ಗೋಳಗುಮ್ಮಟ ಇತ್ತು, ಬದುಕಿಕೊಂಡ್ರು. ಕಾಸರಗೋಡಿನ ಕತೆ ಇನ್ನೂ ಹಳೇದು. ಅಲ್ಲಿನ ಬೇಕಲ ಕೋಟೆಯನ್ನ ಕಟ್ಟಿಸಿದವರು ನಮ್ಮ ಕೆಳದಿ ನಾಯಕರು, ಆದರೆ 1956ರ ನವೆಂಬರ್ 1ರ ಗೆರೆ ಬಿದ್ದ ಮೇಲೆ ಅದು ಕೇರಳದ ಪ್ರವಾಸೋದ್ಯಮದ ಪೋಸ್ಟರು. ಕಾಸರಗೋಡಿನ ಕನ್ನಡಿಗರನ್ನ ಕೇಳಿದ್ರೆ ಆ ಕೋಟೆ ಯಾರದು ಅಂತ ಒಂದು ಮಾತಿನಲ್ಲಿ ಹೇಳೋಕಾಗಲ್ಲ, ಹೇಳಬೇಕಾಗಿಯೂ ಇಲ್ಲ.

ನನ್ನ ಮೊದಲ ತಕರಾರು ಇಷ್ಟೇ. ಜಿಲ್ಲೆ ಅನ್ನೋದು ಕಡತದ ಗೆರೆ. ಕಲ್ಲು ಆ ಗೆರೆಗಿಂತ ಹಳೇದು. ಗೆರೆಗೊಂದು ಕಲ್ಲು ಅಂತ ಹಂಚೋಕೆ ಹೋದ್ರೆ ಕೆಲವರಿಗೆ ಮೂರು ಬರುತ್ತೆ, ಕೆಲವರಿಗೆ ಸೊನ್ನೆ. ಹಾಸನದವರಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಇವೆ, ಪಟ್ಟಿಯವರು ಒಂದನ್ನ ಆರಿಸಿ ಎರಡನ್ನ ಬಿಡಬೇಕು. 2023ರಲ್ಲಿ ಯುನೆಸ್ಕೋದವರು ಹೊಯ್ಸಳರ ದೇವಾಲಯಗಳನ್ನ ಪಟ್ಟಿಗೆ ಸೇರಿಸುವಾಗ ಬೇಲೂರು ಹಳೇಬೀಡಿನ ಜೊತೆ ಮೈಸೂರು ಜಿಲ್ಲೆಯ ಸೋಮನಾಥಪುರವನ್ನೂ ಒಂದೇ ಗುಂಪಾಗಿ ತಗೊಂಡ್ರು, ಜಿಲ್ಲೆಯ ಗಡಿ ನೋಡಲಿಲ್ಲ. ಅವರಿಗಿರೋ ಬುದ್ಧಿ ನಮ್ಮ ಕ್ವಿಜ್ ಪುಸ್ತಕದವರಿಗೆ ಯಾವಾಗ ಬರುತ್ತೋ.

ಸರಿ, ದಾವಣಗೆರೆ ಜಿಲ್ಲೆಗೆ ಯಾವ ಚಿತ್ರ ಹಾಕ್ತಾರೆ? ಇಲ್ಲೇ ಮಜಾ ಇರೋದು. ಕೆಲವರು ಹರಿಹರದ ಹರಿಹರೇಶ್ವರ ಹಾಕ್ತಾರೆ. 1224ರಲ್ಲಿ ಹೊಯ್ಸಳ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು, ಅರ್ಧ ಹರಿ ಅರ್ಧ ಹರ. ಇಬ್ಬರು ದೇವರನ್ನ ಒಂದೇ ಮೂರ್ತಿಯಲ್ಲಿ ನಿಲ್ಲಿಸಿದ ಜಾಗ ಅದು. ಆ ಚಿತ್ರ ಹಾಕಿದರೆ ನಾನು ಸುಮ್ಮನಿರ್ತೀನಿ. ಕೆಲವರು ಸಂತೇಬೆನ್ನೂರಿನ ಪುಷ್ಕರಣಿ ಹಾಕ್ತಾರೆ. ಕೆಂಗ ಹನುಮಂತ ನಾಯಕ ಕಟ್ಟಿಸಿದ ಕೊಳ, ನಡುವೆ ನೀರಿನಲ್ಲಿ ನಿಂತ ಮಂಟಪ, ದಡದಲ್ಲಿ ಬಿಜಾಪುರದ ಕಾಲದ ಮುಸಾಫಿರಖಾನೆ. ಅದೂ ಸರಿ, ನೋಡದೇ ಇದ್ದವರು ಒಮ್ಮೆ ಹೋಗಿ ಬನ್ನಿ, ಆ ಮೆಟ್ಟಿಲ ಮೇಲೆ ಸಂಜೆ ಹೊತ್ತು ಕೂತು ನೋಡಿ. ಆದರೆ ಈಚಿನ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣೋದು ಯಾವುದು ಗೊತ್ತಾ? ಕುಂದವಾಡ ಕೆರೆ ಹತ್ತಿರ ಕಟ್ಟಿರೋ ಗಾಜಿನ ಮನೆ! ಲಾಲ್‌ಬಾಗಿನ ಗಾಜಿನ ಮನೆಯ ಮಾದರಿಯದು. ಲಾಲ್‌ಬಾಗಿನದು 1889ರದು, ಅದೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಮಾಡಿದ್ದು. ಅಂದ್ರೆ ನಮ್ಮ ಜಿಲ್ಲೆಯ ಗುರುತು, ನಕಲಿನ ನಕಲು. ಗಾಜಿನ ಮನೆ ಚೆನ್ನಾಗಿಲ್ಲ ಅಂತಲ್ಲ. ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗೋದಕ್ಕೆ ಒಳ್ಳೇ ಜಾಗ, ನಾನೂ ಹೋಗಿದ್ದೀನಿ, ಬೆಣ್ಣೆ ದೋಸೆ ತಿಂದು ಹೋದ್ರೆ ಇನ್ನೂ ಚೆಂದ ಕಾಣುತ್ತೆ. ಆದರೆ 'ಗುರುತು' ಅಂದ್ರೆ ಬೇರೆಯವರ ಗುರುತನ್ನ ತಂದು ನಿಲ್ಲಿಸೋದಾ? ದಾವಣಗೆರೆಗೆ ತನ್ನದೇ ಗುರುತು ಬೇಕಿದ್ರೆ ಹತ್ತಿ ಗಿರಣಿಗಳ ಚಿಮಣಿ ಇದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದದ್ದು ಅವುಗಳಿಂದ. ಸಾವಿರಾರು ಜನರ ಅನ್ನ ಬೆಂದದ್ದು ಅವುಗಳ ಹೊಗೆಯಲ್ಲಿ. ಗಿರಣಿ ಮುಚ್ಚಿದ ಮೇಲೆ ಅವುಗಳ ಫೋಟೊ ಯಾರಿಗೂ ಬೇಡವಾಯ್ತು.

ನನಗೆ ಇದನ್ನೆಲ್ಲ ಬರೀಬೇಕು ಅನ್ನಿಸಿದ್ದು ಒಂದು ಸಣ್ಣ ವಿಷಯಕ್ಕೆ. ನಮ್ಮ ಅಣ್ಣನ ಮಗಳು ಊರಲ್ಲೇ ಓದೋದು. ಶಾಲೆಯಲ್ಲಿ 'ನಮ್ಮ ಜಿಲ್ಲೆಯ ಪ್ರಸಿದ್ಧ ಕಟ್ಟಡ' ಅಂತ ಚಿತ್ರ ಬರೆಯೋ ಸ್ಪರ್ಧೆ ಇತ್ತಂತೆ. ಅವಳು ಕೆರೆ ಬರೆದಳು. ಏರಿ, ಅದರ ಮೇಲೊಂದು ಸಾಲು ಮರ, ತೂಬಿನ ಎರಡು ಕಲ್ಲುಕಂಬ, ಕೋಡಿಯ ಹತ್ತಿರ ಎಮ್ಮೆ. ಎಮ್ಮೆ ಸ್ವಲ್ಪ ನಾಯಿ ಥರ ಇತ್ತು, ಅದನ್ನ ಒಪ್ಕೋತೀನಿ. ವಾಪಸ್ ಬಂದ ಹಾಳೆ ಮೇಲೆ ಕೆಂಪು ಶಾಯಿಯಲ್ಲಿ 'ಕೆರೆ ಕಟ್ಟಡವಲ್ಲ' ಅಂತ ಬರೆದಿತ್ತು. ಬಹುಮಾನ ಬಂದಿದ್ದು ಗಾಜಿನ ಮನೆಗೆ. ಬರೆದ ಹುಡುಗ ಅದನ್ನ ಕಣ್ಣಾರೆ ಕಂಡಿಲ್ಲ, ಮೊಬೈಲ್ ನೋಡಿಕೊಂಡು ಬರೆದಿದ್ದ. ಮಗುವಿಗೆ ಬಹುಮಾನ ಹೋಯ್ತು ಅಂತ ನನಗೆ ಬೇಜಾರಿಲ್ಲ. ಆ ಮೂರು ಅಕ್ಷರದ ತೀರ್ಪು ಇದೆಯಲ್ಲ, 'ಕಟ್ಟಡವಲ್ಲ' ಅನ್ನೋದು, ಅದು ಬಿಡ್ತಿಲ್ಲ. (ಮೂರಲ್ಲ, ಐದು ಅಕ್ಷರ. ಸಿಟ್ಟಲ್ಲಿ ಲೆಕ್ಕ ಯಾರು ಇಡ್ತಾರೆ!)

ಅಲ್ಲ ಸ್ವಾಮಿ, ಕನ್ನಡ ಬರುತ್ತಾ ನಿಮಗೆ? ಕೆರೆಯನ್ನ ನಾವು ಏನು ಮಾಡ್ತೀವಿ? ಕಟ್ಟುತ್ತೀವಿ. ಮನೆ ಕಟ್ಟಿದ ಹಾಗೇ ಕೆರೆ ಕಟ್ಟೋದು. ಕಟ್ಟಡ ಅನ್ನೋ ಪದ ಯಾವ ಕ್ರಿಯೆಯಿಂದ ಬಂತೋ ಕಟ್ಟೆಯೂ ಅದರಿಂದಲೇ ಬಂದದ್ದು. ಕೆರೆಯ ಕೆಳಗೆ ನೀರು ಹರಿಯೋ ಹೊಲಗದ್ದೆಗೆ ಅಚ್ಚುಕಟ್ಟು ಅಂತೀವಿ. ಚೊಕ್ಕವಾಗಿ ಮಾಡಿದ ಕೆಲಸಕ್ಕೂ ಅದೇ ಪದ. ಕರ್ನಾಟಕದ ಹಳೇ ಶಾಸನಗಳನ್ನ ತೆಗೆದು ನೋಡಿ, ಗುಡಿ ಕಟ್ಟಿಸಿದವರ ಹೆಸರಿನಷ್ಟೇ ಗೌರವದಿಂದ ಕೆರೆ ಕಟ್ಟಿಸಿದವರ ಹೆಸರೂ ಇರುತ್ತೆ. ಕೆರೆ ಕಟ್ಟಿಸಿದವನಿಗೆ, ಅದನ್ನ ರಿಪೇರಿ ಮಾಡಿಕೊಂಡು ಹೋಗೋನಿಗೆ ಭೂಮಿ ಬಿಡ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಅದಕ್ಕೆ ಹೆಸರೇ ಇದ್ದವು. ಅಂದ್ರೆ ಕಟ್ಟಿದ್ದು ಮಾತ್ರ ಅಲ್ಲ, ಕಟ್ಟಿದ್ದನ್ನ ಉಳಿಸೋದೂ ಒಂದು ಹುದ್ದೆ ಅಂತ ಅವರು ತಿಳ್ಕೊಂಡಿದ್ರು. ಕೆರೆಯಿಂದ ಯಾವ ಹೊಲಕ್ಕೆ ಯಾವಾಗ ನೀರು ಅಂತ ನೋಡ್ಕೊಳ್ಳೋಕೆ ನೀರಗಂಟಿ ಇರ್ತಿದ್ದ. ಮಣ್ಣಿನ ಏರಿ ಒಳಮುಖ ಇಳಿಜಾರು, ಅಲೆ ಹೊಡೀದ ಹಾಗೆ ಕಲ್ಲು ಹಾಸು, ಹೆಚ್ಚಾದ ನೀರು ಏರಿಯನ್ನ ಒಡೀದೆ ಪಕ್ಕದಿಂದ ಹೋಗಲಿ ಅಂತ ಕೋಡಿ, ಆ ಕೋಡಿಯ ನೀರು ಹಾಳಾಗದೆ ಕೆಳಗಿನ ಊರಿನ ಕೆರೆಗೆ ಸೇರೋ ಹಾಗೆ ಹಳ್ಳ. ಮೇಲಿನೂರಿನ ಕೆರೆ ತುಂಬಿದ್ರೆ ಕೆಳಗಿನೂರಿಗೆ ನಿದ್ದೆ ಬರ್ತಿತ್ತು. ಇದು ಕಟ್ಟಡ ಅಲ್ಲ ಅಂದ್ರೆ ಯಾವುದು ಕಟ್ಟಡ? ನಾಲ್ಕು ಗೋಡೆ ಒಂದು ಸೂರು ಇದ್ರೆ ಮಾತ್ರ ಕಟ್ಟಡ ಅನ್ನೋದಾದ್ರೆ ದುರ್ಗದ ಕೋಟೆಯನ್ನೂ ಪಟ್ಟಿಯಿಂದ ತೆಗೀಬೇಕಾಗುತ್ತೆ, ಅದಕ್ಕೂ ಸೂರಿಲ್ಲ.

ನಿಜವಾದ ಕಾರಣ ಬೇರೆ ಇದೆ. ಎತ್ತರಕ್ಕೆ ಫೋಟೊ ಬರುತ್ತೆ, ಉದ್ದಕ್ಕೆ ಬರಲ್ಲ. ಗೋಪುರ, ಗುಮ್ಮಟ, ಕಂಬ ಇವೆಲ್ಲ ಚೌಕಟ್ಟಿನಲ್ಲಿ ಕೂರ್ತವೆ. ಕೆರೆಯ ಏರಿ ಕೂರಲ್ಲ. ನಮ್ಮ ಜಿಲ್ಲೆಯ ಸೂಳೆಕೆರೆಯನ್ನೇ ನೋಡಿ. ಕಾಗದದಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಚನ್ನಗಿರಿ ತಾಲೂಕಿನಲ್ಲಿ ಹರಿದ್ರಾ ಹಳ್ಳ ಎರಡು ಗುಡ್ಡದ ನಡುವೆ ನುಸುಳಿ ಹೋಗೋ ಇಕ್ಕಟ್ಟಿನ ಜಾಗ ಹುಡುಕಿ, ಅಲ್ಲಿ ಒಂದು ಏರಿ ಹಾಕಿದ್ದಾರೆ. ಅಷ್ಟೇ. ಅಷ್ಟು ಸಣ್ಣ ಏರಿಗೆ ಅಷ್ಟು ದೊಡ್ಡ ನೀರು ನಿಂತಿದೆ. ಯಾರೋ ಒಬ್ಬರು, ಅಳತೆಯ ಯಂತ್ರ ಇಲ್ಲದ ಕಾಲದಲ್ಲಿ, ಆ ಗುಡ್ಡ ಹತ್ತಿ ಇಳಿದು 'ಇಲ್ಲಿ' ಅಂತ ಬೆರಳು ತೋರಿಸಿದ್ದಾರಲ್ಲ, ಆ ಬೆರಳಿಗಿಂತ ದೊಡ್ಡ ವಾಸ್ತುಶಿಲ್ಪ ನನಗೆ ಗೊತ್ತಿಲ್ಲ. ಸಿದ್ಧನಾಲೆ, ಬಸವನಾಲೆ ಅಂತ ಎರಡು ನಾಲೆ ಅದರಿಂದ ಹೊರಟು ಎಷ್ಟೋ ಊರಿನ ಗದ್ದೆ ತೋಟ ನೋಡ್ಕೊಳ್ತವೆ. ಕಟ್ಟಿಸಿದವಳು ಶಾಂತವ್ವ ಅಂತ ಐತಿಹ್ಯ. ನೆಲ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರು ಉಳೀಬೇಕು ಅಂತ ಕೇಳಿಕೊಂಡ್ರು ಅಂತ ಇನ್ನೊಂದು ಎಳೆ. ಅದಕ್ಕೇ ನಾನು ಶಾಂತಿಸಾಗರ ಅನ್ನಲ್ಲ. ಮಾತು ಕೊಟ್ಟ ಮೇಲೆ ಕೊಟ್ಟ ಹಾಗೆ.

ಇನ್ನೊಂದು ತಮಾಷೆ ಕೇಳಿ. ಚಿತ್ರದುರ್ಗ ಪಟ್ಟಣಕ್ಕೆ ಕುಡಿಯೋ ನೀರು ಹೋಗೋದು ಈ ಸೂಳೆಕೆರೆಯಿಂದ. ಕೋಟೆ ಆ ಜಿಲ್ಲೆಯ ಪಟ್ಟಿಯಲ್ಲಿ ಮೊದಲು, ಆ ಕೋಟೆ ನೋಡಲು ಬಂದವರಿಗೆ ಹೋಟೆಲಿನವನು ಲೋಟದಲ್ಲಿ ತಂದಿಡೋ ನೀರು ಈ ಜಿಲ್ಲೆಯ ಕೆರೆಯದು, ಆ ಕೆರೆಗೆ ಯಾವ ಪಟ್ಟಿಯಲ್ಲೂ ಜಾಗ ಇಲ್ಲ. ಜಿಲ್ಲೆ ಬೇರೆ ಮಾಡಿದ್ರೂ ನೀರಿನ ಪೈಪು ಬೇರೆ ಆಗಲಿಲ್ಲ ನೋಡಿ.

'ಇದೊಂದು ಆಟ ಅಷ್ಟೇ, ಯಾಕಿಷ್ಟು ಸೀರಿಯಸ್ಸಾಗಿ ತಗೋತೀಯ' ಅಂತ ನನ್ನ ಗೆಳೆಯ ಒಬ್ಬ ಹೇಳ್ತಾನೆ. ಆಟ ಆಗಿದ್ದರೆ ನಾನೂ ಆಡ್ತಿದ್ದೆ. ಆದರೆ ಚಿತ್ರ ಎಲ್ಲಿದೆಯೋ ಅಲ್ಲಿಗೇ ಬೋರ್ಡು ಬರೋದು, ಅಲ್ಲಿಗೇ ರಸ್ತೆ ಅಗಲ ಆಗೋದು, ಅಲ್ಲಿಗೇ ಶೌಚಾಲಯ, ಪಾರ್ಕಿಂಗು, ಬೆಳಕು. ಚಿತ್ರ ಇಲ್ಲದ ಕಡೆ 'ಅಲ್ಲಿ ಏನಿದೆ' ಅನ್ನೋ ಪ್ರಶ್ನೆಯೇ ಉತ್ತರ ಆಗಿಬಿಡುತ್ತೆ. ನಮ್ಮ ತಾಲೂಕು ಒಂದೇ ಒಂದು ಪಟ್ಟಿಯಲ್ಲಿ ತಪ್ಪದೆ ಬಂದಿದೆ, 2002ರಲ್ಲಿ ನಂಜುಂಡಪ್ಪ ಸಮಿತಿ ಕೊಟ್ಟ 114 ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ. ಅದಕ್ಕೆ ಚಿತ್ರ ಹಾಕೋರಿಲ್ಲ.

ಬೆಂಗಳೂರಿನಿಂದ ಹಂಪಿಗೆ ಕಾರಿನಲ್ಲಿ ಹೋಗೋರು ಎಷ್ಟು ಜನ! ಚಿತ್ರದುರ್ಗದಲ್ಲಿ ಇಳಿದು ಕೋಟೆ ನೋಡ್ತಾರೆ, ಮತ್ತೆ ಹೊಸಪೇಟೆಯಲ್ಲಿ ಇಳೀತಾರೆ. ಆ ಹೆದ್ದಾರಿ ನಮ್ಮ ತಾಲೂಕಿನ ದೊಣೆಹಳ್ಳಿ ಮೇಲೆ ಹಾದು ಹೋಗುತ್ತೆ. ಕೋಟೆಗೂ ರಥಕ್ಕೂ ನಡುವಿನ ಆ ಹೊತ್ತಿನಲ್ಲಿ ಅವರು ನಿದ್ದೆ ಮಾಡ್ತಿರ್ತಾರೆ. ಪಟ್ಟಿಯ ಪ್ರಕಾರ ಅವರು ಮಾಡ್ತಿರೋದು ಸರಿ, ಎರಡು ಚಿತ್ರಗಳ ನಡುವೆ ಏನೂ ಇರೋದಿಲ್ಲವಲ್ಲ.

ಎಚ್ಚರ ಇದ್ದವರಿಗೆ ಏನು ಕಾಣುತ್ತೆ ಅಂತ ಹೇಳ್ಲಾ? ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೊಲ. ಕುರುಚಲು ಗುಡ್ಡಗಳ ಸಾಲು. ಗುಡ್ಡದ ತಲೆ ಮೇಲೆ ಗಾಳಿಯಂತ್ರಗಳು. ನಮ್ಮ ಕಡೆ ಇವತ್ತು ಎಲ್ಲಕ್ಕಿಂತ ಎತ್ತರ ಅವೇ. ದೂರದಿಂದಲೇ ಗುರುತು ಸಿಗಬೇಕು ಅನ್ನೋದೇ ನಿಯಮ ಆದ್ರೆ ಅವುಗಳಿಗೇ ಬಹುಮಾನ ಕೊಡಬೇಕು. ತಿರುಗೋ ರೆಕ್ಕೆ ನಮಗೆ, ಕರೆಂಟು ಯಾವ ಊರಿಗೋ! ಒಳಗೆ ಬಂದ್ರೆ ರಂಗಯ್ಯನದುರ್ಗದ ಕಾಡಿದೆ. ಕೊಂಡುಕುರಿ ಅನ್ನೋ ಪ್ರಾಣಿ ಗೊತ್ತಾ? ನಾಲ್ಕು ಕೊಂಬಿನ ಸಣ್ಣ ಜಿಂಕೆ ಥರದ್ದು. ಗಂಡಿಗೆ ಮುಂದೆರಡು ಮೊಳಕೆ ಕೊಂಬು, ಹಿಂದೆರಡು ಉದ್ದ ಕೊಂಬು. ನಾಲ್ಕು ಕೊಂಬಿನ ಕಾಡುಪ್ರಾಣಿ ಪ್ರಪಂಚದಲ್ಲಿ ಇದೊಂದೇ. ಅದಕ್ಕಾಗಿಯೇ 2011ರಲ್ಲಿ ಇಲ್ಲೊಂದು ವನ್ಯಧಾಮ ಮಾಡಿದ್ರು. ಬರದ ತಾಲೂಕು ಅಂತ ಮೂಗು ಮುರಿಯೋರಿಗೆ ಗೊತ್ತಿರಲಿ, ಆ ಒಣಕಲು ಕುರುಚಲು ಕಾಡೇ ಅದಕ್ಕೆ ಬೇಕು, ಸೊಂಪಾದ ಮಲೆನಾಡು ಬೇಡ. ಕೊಡದಗುಡ್ಡದಲ್ಲಿ ವೀರಭದ್ರ ಇದ್ದಾನೆ, ಕೊಣಚಗಲ್ ಗುಡ್ಡದಲ್ಲಿ ರಂಗನಾಥ ಇದ್ದಾನೆ, ಕಲ್ಲೇದೇವರಪುರದಲ್ಲಿ ಹಳೇ ಕಲ್ಲೇಶ್ವರ ಇದ್ದಾನೆ. ಬಸ್ಸಿನಲ್ಲಿ ಕೂತ ನಮ್ಮ ಕಡೆಯ ಮುದುಕರಿಗೆ 'ಊರು ಬಂತಾ' ಅಂತ ಕೇಳಿ ನೋಡಿ, ಕಿಟಕಿಯಿಂದ ಗುಡ್ಡದ ಬೆನ್ನು ನೋಡಿ ಹೇಳ್ತಾರೆ, ಮೈಲಿಗಲ್ಲು ನೋಡಲ್ಲ.

ಇದೇ ನನ್ನ ಎರಡನೇ ತಕರಾರು, ಮತ್ತು ದೊಡ್ಡ ತಕರಾರು. ಗುರುತು ಯಾರಿಗೆ? ಪಟ್ಟಿ ಮಾಡೋರು ಕೇಳೋದು 'ಹೊರಗಿನವರಿಗೆ ಫೋಟೊ ತೋರಿಸಿದ್ರೆ ಹೆಸರು ಹೇಳ್ತಾರಾ' ಅಂತ. ಆ ಪರೀಕ್ಷೆಯಲ್ಲಿ ಊರಿನವರಿಗೆ ಪಾತ್ರವೇ ಇಲ್ಲ. ಗುರುತು ಅನ್ನೋದು ಮೊದಲು ದಾರಿ ಹುಡುಕೋದಕ್ಕೆ ಇದ್ದದ್ದು. ಊರಲ್ಲಿ ದಾರಿ ಕೇಳಿದ್ರೆ ಹೇಳೋದು 'ಕೆರೆ ಏರಿ ಇಳಿದು ಎಡಕ್ಕೆ ಹೋಗು' ಅಂತ. ಹೊಲದ ಕಾಗದದಲ್ಲಿ ಚೆಕ್ಕುಬಂದಿ ಬರೆಯೋವಾಗ ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಕೆರೆ ಹಳ್ಳ. ಮದುವೆ ಕಾಗದದಲ್ಲಿ ಕೂಡ 'ಕೆರೆ ಹತ್ತಿರ' ಅಂತ ಅಚ್ಚಾಗಿರುತ್ತೆ. ಗಾಜಿನ ಮನೆಯಿಂದ ಎಡಕ್ಕೆ ಅಂತ ನಮ್ಮೂರಲ್ಲಿ ಯಾರಿಗೂ ದಾರಿ ಸಿಗಲ್ಲ.

ಕೆರೆಗೆ ಬೆಲೆ ಇಲ್ಲದ ಕಾಲವನ್ನೂ ನಾವು ನೋಡಿದ್ದೀವಿ. ಬೋರ್‌ವೆಲ್ ಬಂದ ಮೇಲೆ ನೀರಗಂಟಿಯನ್ನ ಮರೆತ್ವಿ, ಹೂಳು ತೆಗೆಯೋದು ಸರ್ಕಾರದ ಕೆಲಸ ಅಂದ್ವಿ. ಏರಿ ಮೇಲೆ ಜಾಲಿ ಬೆಳೀತು, ಅಂಗಳದಲ್ಲಿ ಕ್ರಿಕೆಟ್ ಆಡಿದ್ವಿ. ಆಮೇಲೆ ಬೋರು ಒಣಗಿ, ಸಾವಿರ ಅಡಿ ಕೊರೆದ್ರೂ ಧೂಳು ಬರೋವಾಗ ಕೆರೆ ನೆನಪಾಯ್ತು. ಹರಿಹರದ ಕಡೆ ತುಂಗಭದ್ರೆಯಿಂದ ನೀರೆತ್ತಿ ಪೈಪಿನಲ್ಲಿ ತಂದು ತಾಲೂಕಿನ 57 ಕೆರೆ ತುಂಬಿಸೋ ಯೋಜನೆ ಬಂದದ್ದು ಆ ನೆನಪಿನಿಂದ. ಭದ್ರಾ ಮೇಲ್ದಂಡೆಯಲ್ಲೂ ನಮ್ಮ ತಾಲೂಕಿನ ಹೆಸರಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಅಂತ ಓದಿದಾಗ ನಮ್ಮೂರಿನ ಚಹಾದಂಗಡಿಯಲ್ಲಿ ಎಷ್ಟು ದಿನ ಅದೇ ಮಾತು! ಈ ಎರಡು ಯೋಜನೆಗೆ ನಮ್ಮ ಕಡೆಯವರು ಎಷ್ಟು ವರ್ಷ ಕೂಗಿದ್ದಾರೆ, ಎಷ್ಟು ಸಲ ರಸ್ತೆಗಿಳಿದಿದ್ದಾರೆ! ಊರಿನ ಜನ ಒಂದು ಕಟ್ಟಡಕ್ಕಾಗಿ ಇಷ್ಟು ಹೋರಾಡಿದ್ದನ್ನ ನಾನಂತೂ ನೋಡಿಲ್ಲ. ಯಾವುದಕ್ಕಾಗಿ ಜನ ಬೀದಿಗಿಳೀತಾರೋ ಅದೇ ಅವರ ಗುರುತು ಅಂತ ಯಾರಾದ್ರೂ ಪಟ್ಟಿ ಮಾಡಿದ್ರೆ, ಆಗ ನೋಡಿ ಕರ್ನಾಟಕದ ನಕ್ಷೆ ಹೆಂಗಿರುತ್ತೆ. ಅದರಲ್ಲಿ ಅರ್ಧಕ್ಕರ್ಧ ನೀರೇ ಇರುತ್ತೆ.

ನಮ್ಮ ತಾಲೂಕಿಗೂ ಒಂದು 'ಐಕಾನ್' ಬೇಕು, ಪ್ರವೇಶದ್ವಾರವೋ ಗಡಿಯಾರದ ಗೋಪುರವೋ ಕಟ್ಟಿಸೋಣ ಅಂತ ಆಗಾಗ ಯಾರಾದ್ರೂ ಮಾತೆತ್ತುತ್ತಾರೆ. ದಯವಿಟ್ಟು ಬೇಡ. ಆ ದುಡ್ಡಿನಲ್ಲಿ ಒಂದು ಕೆರೆಯ ತೂಬು ಸರಿ ಮಾಡಿಸಿ, ಕೋಡಿ ಹಳ್ಳದ ಒತ್ತುವರಿ ಬಿಡಿಸಿ, ಕಲ್ಲೇದೇವರಪುರಕ್ಕೆ ದಾರಿ ತೋರಿಸೋ ಒಂದು ಕನ್ನಡದ ಫಲಕ ಹಾಕಿಸಿ. ಕಮಾನು ಕಟ್ಟಿದ್ರೆ ಅದರ ಕೆಳಗೆ ಹಾದು ಹೋಗೋ ಟ್ಯಾಂಕರಿನಲ್ಲಿ ನೀರು ಇರಬೇಕಲ್ಲ.

ಇನ್ನು ನಿಮ್ಮ ಕಡೆಗೆ ಬರ್ತೀನಿ. ಇದನ್ನ ಓದೋರಲ್ಲಿ ಶಿರಸಿಯವರಿದ್ದೀರಿ, ಸುಳ್ಯದವರಿದ್ದೀರಿ, ಸಿಂಧನೂರಿನವರಿದ್ದೀರಿ, ಅಮೆರಿಕದಲ್ಲಿ ಕೂತು ಕೊಳ್ಳೇಗಾಲ ನೆನೆಸ್ಕೊಳ್ಳೋರೂ ಇದ್ದೀರಿ. ಬಸ್ಸಿನ ಕಿಟಕಿಯಿಂದ ಏನು ಕಂಡ್ರೆ ನಿಮಗೆ ಊರು ಬಂತು ಅನ್ಸುತ್ತೆ, ಅದನ್ನ ಬರೀರಿ. ಜಿಲ್ಲೆ ಹೆಸರು ಹಾಕಬೇಡಿ, ಮುಂದಿನ ವರ್ಷ ಬದಲಾಗಿರಬಹುದು. ದಾವಣಗೆರೆಗೆ ಚಿತ್ರ ಹಾಕಲೇಬೇಕು ಅನ್ನೋರಿಗೆ ಸೂಳೆಕೆರೆ ಏರಿಯ ಫೋಟೊ ಕಳಿಸ್ತೀನಿ, ಒಂದರಲ್ಲಿ ಹಿಡಿಸ್ಲಿಲ್ಲ, ನಾಲ್ಕು ತೆಗೆದು ಅಂಟಿಸಿದ್ದೀನಿ. ಅಣ್ಣನ ಮಗಳ ಚಿತ್ರವೂ ನನ್ನ ಹತ್ರ ಇದೆ. ಎಮ್ಮೆಯನ್ನ ಮಾತ್ರ ಅವಳು ಮತ್ತೆ ತಿದ್ತೀನಿ ಅಂದಿದ್ದಾಳೆ.